ಮೀಟರ್ 35 ಅಂದರೆ ನೀರೂ 35 ಇರುತ್ತಾ?

ಹೋದ ಸಂಚಿಕೆಯಲ್ಲಿ ಮನೆಯಲ್ಲಿ ಸಮುದ್ರದ ಮೀನು ಸಾಕುವ ಬಗ್ಗೆ ಬರೆದಿದ್ದೆ. ಮೀನಿನ ಬಣ್ಣ, ಊಟ, ಬೆಲೆ ಇಂಥದ್ದನ್ನೆಲ್ಲ ಕೇಳ್ತಾರೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಉಪ್ಪು ಅಳೆಯೋದು ಹೇಗೆ? ಸಮುದ್ರದಿಂದ ಇಷ್ಟು ದೂರ ಇರುವ ನಮ್ಮ ಬಯಲುಸೀಮೆಯಲ್ಲಿ ಇಷ್ಟು ಜನ ಉಪ್ಪು ನೀರಿನ ತೊಟ್ಟಿ ಇಟ್ಟುಕೊಂಡಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಈ ಸಲ ಪೂರ್ತಿ ಅಂಕಣ ಉಪ್ಪಿಗೇ ಮೀಸಲು.

ಪ್ರಶ್ನೆ: ನನ್ನದು 100 ಲೀಟರ್ ತೊಟ್ಟಿ, ಎರಡು ಕ್ಲೌನ್ ಮೀನು, ಒಂದು ಸೀಗಡಿ ಇದೆ. ಮುಳ್ಳು ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ 1.023 ತೋರಿಸುತ್ತದೆ. ಹೊಸದಾಗಿ ತರಿಸಿದ ರಿಫ್ರ್ಯಾಕ್ಟೋಮೀಟರ್ 38 ಅನ್ನುತ್ತದೆ. ಯಾವುದನ್ನು ನಂಬಲಿ ಸರ್?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಉಪ್ಪನ್ನೂ ಹಾಕಬೇಡಿ, ನೀರನ್ನೂ ಬದಲಿಸಬೇಡಿ. ಮೊದಲು ಮೀಟರ್ ಸರಿ ಇದೆಯಾ ನೋಡಿ.

ಸಮುದ್ರದ ನೀರಿನಲ್ಲಿ ಒಂದು ಕೆಜಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದನ್ನೇ 35 ಪಿಪಿಟಿ ಅನ್ನೋದು. ಅದೇ ನೀರು 25 ಡಿಗ್ರಿಯಲ್ಲಿ ಸಿಹಿನೀರಿಗಿಂತ 1.0264 ಪಟ್ಟು ತೂಕ ಇರುತ್ತದೆ. ಹೈಡ್ರೋಮೀಟರ್ ಈ ತೂಕದ ಲೆಕ್ಕದಲ್ಲಿ ಹೇಳುತ್ತದೆ, ರಿಫ್ರ್ಯಾಕ್ಟೋಮೀಟರ್ ನೀರು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನೋದರ ಮೇಲೆ ಹೇಳುತ್ತದೆ. ನಿಮ್ಮ 1.023 ಅಂದರೆ ಹತ್ತಿರ ಹತ್ತಿರ 30 ಪಿಪಿಟಿ. ಇನ್ನೊಂದು 38. ನಡುವೆ ಏಳೆಂಟು ಗ್ರಾಂ ಅಂತರ ಬಂತು, ಸಣ್ಣದಲ್ಲ.

ಮುಳ್ಳಿನ ಹೈಡ್ರೋಮೀಟರ್ ಎರಡು ರೀತಿಯಲ್ಲಿ ಮೋಸ ಮಾಡುತ್ತದೆ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅದು ಮುಳ್ಳನ್ನು ಎತ್ತುತ್ತದೆ, ಓದು ಜಾಸ್ತಿ ಬರುತ್ತದೆ. ಮುಳ್ಳಿಗೆ ಉಪ್ಪು, ಸುಣ್ಣ ಕಟ್ಟಿದರೆ ಮುಳ್ಳು ಭಾರವಾಗಿ ಕೆಳಗೆ ಜಗ್ಗುತ್ತದೆ, ಓದು ಕಡಿಮೆ ಬರುತ್ತದೆ. ಈ ಎರಡನೆಯದು ನನ್ನನ್ನೇ ಕೆಡವಿದೆ. ಆರೇಳು ತಿಂಗಳು ನನ್ನ ಹೈಡ್ರೋಮೀಟರ್ 1.022 ದಾಟಲೇ ಇಲ್ಲ. ನಾನು ವಾರಕ್ಕೊಂದು ಹಿಡಿ ಉಪ್ಪು ಸೇರಿಸುತ್ತಾ ಹೋದೆ, ಉಪ್ಪಿನ ಕಂಪನಿಯನ್ನು ಬೈಯುತ್ತಾ ಹೋದೆ. ಮೊದಲು ಸೀಗಡಿ ಸತ್ತಿತು. ಆಮೇಲೆ ಮೀನುಗಳು ಮೂಲೆ ಹಿಡಿದು ಜೋರಾಗಿ ಉಸಿರಾಡಲು ಶುರು ಮಾಡಿದವು. ಕಾಲೇಜಿನ ಲ್ಯಾಬಿನಲ್ಲಿದ್ದ ಗೆಳೆಯರೊಬ್ಬರು ಒಳ್ಳೆ ಮೀಟರಿನಲ್ಲಿ ಅಳೆದು ಕೊಟ್ಟರು: 41! ಹೈಡ್ರೋಮೀಟರನ್ನು ಬೆಳಕಿಗೆ ಹಿಡಿದು ನೋಡಿದರೆ ಮುಳ್ಳಿನ ಹಿಂಬದಿಯಲ್ಲಿ ತೆಳ್ಳಗೆ, ಬಿಳಿಯಾಗಿ, ದೋಸೆ ತವಾದ ಅಂಚಿಗೆ ಹಿಡಿದ ಹಿಟ್ಟಿನ ಥರ ಒಂದು ಪದರ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿ ಬೆಳಿಗ್ಗೆ ಅಳೆದರೆ ಅದೇ ನೀರಿಗೆ 1.031 ತೋರಿಸಿತು. ಉಪ್ಪಿನ ಕಂಪನಿಯದು ಏನೂ ತಪ್ಪಿರಲಿಲ್ಲ.

ನಿಮ್ಮದನ್ನೂ ಮೊದಲು ವಿನೆಗರ್‌ನಲ್ಲಿ ನೆನೆಹಾಕಿ, ಆರ್‌ಓ ನೀರಲ್ಲಿ ತೊಳೆಯಿರಿ. ನೀರು ತುಂಬಿದ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ, ಸಮತಟ್ಟಾದ ಜಾಗದಲ್ಲಿಟ್ಟು ಓದಿ.

ಈಗ ರಿಫ್ರ್ಯಾಕ್ಟೋಮೀಟರ್. ಜೊತೆಗೆ ಬರುವ ಚೀಟಿಯಲ್ಲಿ ಶುದ್ಧ ನೀರು ಹಾಕಿ ಸೊನ್ನೆಗೆ ತಿರುಗಿಸಿ ಅಂತ ಇರುತ್ತದೆ. ಸೊನ್ನೆಯಲ್ಲಿ ಸರಿಯಾಗಿರುವ ಮೀಟರ್ 35ರಲ್ಲೂ ಸರಿಯಾಗಿರಬೇಕು ಅಂತೇನಿಲ್ಲ. ತಕ್ಕಡಿ ಖಾಲಿ ಇದ್ದಾಗ ಮುಳ್ಳು ನಡುವೆ ನಿಂತಿತು ಅಂತ ಒಂದು ಕೆಜಿಯ ಬಟ್ಟೂ ಸರಿ ಇದೆ ಅನ್ನೋಕಾಗುತ್ತಾ? ಇನ್ನೊಂದು ತೊಂದರೆ, ಅಗ್ಗದ ರಿಫ್ರ್ಯಾಕ್ಟೋಮೀಟರುಗಳಲ್ಲಿ ಹೆಚ್ಚಿನವು ಅಡುಗೆ ಉಪ್ಪಿನ ನೀರಿಗಾಗಿ ಗೀರು ಹಾಕಿದಂಥವು. ಸಮುದ್ರದ ನೀರು ಅಷ್ಟೇ ಗಟ್ಟಿಯ ಅಡುಗೆ ಉಪ್ಪಿನ ನೀರಿಗಿಂತ ಬೆಳಕನ್ನು ಸ್ವಲ್ಪ ಜಾಸ್ತಿ ಬಗ್ಗಿಸುತ್ತದೆ. ಹಾಗಾಗಿ ಸರಿಯಾದ 35ರ ನೀರನ್ನು ಇವು ಸುಮಾರು 36.5 ಅಂತ ಓದುತ್ತವೆ. ನಿಮ್ಮ 38ರಲ್ಲಿ ಒಂದೂವರೆ ಹೀಗೇ ಬಂದಿದ್ದರೂ ಬಂದಿರಬಹುದು.

ಇದಕ್ಕೆ ಮದ್ದು 35 ಪಿಪಿಟಿಯ ಸ್ಟ್ಯಾಂಡರ್ಡ್ ದ್ರಾವಣ, ಅಂದರೆ ಎಷ್ಟು ತೋರಿಸಬೇಕು ಅಂತ ಮೊದಲೇ ಖಚಿತವಾಗಿ ಗೊತ್ತಿರುವ ನೀರು. ಸಣ್ಣ ಬಾಟಲಿಯಲ್ಲಿ ಬರುತ್ತದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗೋವರೆಗೆ ಮನೆಯಲ್ಲೇ ಮಾಡಿಕೊಳ್ಳಿ. 36.5 ಗ್ರಾಂ ಅಡುಗೆ ಉಪ್ಪು, 963.5 ಗ್ರಾಂ ಆರ್‌ಓ ನೀರು. ಇದು ಬೆಳಕನ್ನು ಬಗ್ಗಿಸುವುದು 35ರ ಸಮುದ್ರದ ನೀರಿನಷ್ಟೇ. ಅಡುಗೆಮನೆ ತಕ್ಕಡಿ ಒಂದು ಗ್ರಾಂ ಆಚೀಚೆ ತೂಗುತ್ತದೆ, ಇಲ್ಲಿ ಒಂದು ಗ್ರಾಂ ಅಂದರೆ ಒಂದು ಪಿಪಿಟಿ. ಅದಕ್ಕೇ ಎರಡರಷ್ಟು ಮಾಡಿ: 73 ಗ್ರಾಂ ಉಪ್ಪು, 1927 ಗ್ರಾಂ ನೀರು. ತಪ್ಪು ಅರ್ಧಕ್ಕೆ ಇಳಿಯುತ್ತದೆ. ನೀರನ್ನೂ ತೂಗಿಯೇ ಹಾಕಿ, ಲೀಟರ್ ಚೊಂಬಿನಲ್ಲಿ ಅಳೆಯಬೇಡಿ. ಉಪ್ಪನ್ನು ಬಾಣಲೆಯಲ್ಲಿ ಸ್ವಲ್ಪ ಬಿಸಿ ಮಾಡಿ, ತೇವ ಹೋಗಿಸಿ, ಆರಿದ ಮೇಲೆ ತೂಗಿ. ನಾನು ಇದನ್ನು ಮೊದಲ ಸಲ ಮಾಡುತ್ತಿದ್ದಾಗ ಮನೆಯಲ್ಲಿ "ಒಗ್ಗರಣೆಗೆ ಉಪ್ಪು ಹುರೀತಿದ್ದೀರಾ?" ಅಂತ ಕೇಳಿದರು.

ಗಾಜಿನ ಮೇಲೆ ನಾಲ್ಕೈದು ಹನಿ ಬಿಡಿ. ಮುಚ್ಚಳ ಮುಚ್ಚಿದಾಗ ಒಳಗೆ ಗುಳ್ಳೆ ಉಳಿಯಬಾರದು. ಅರ್ಧ ನಿಮಿಷ ಸುಮ್ನೆ ಬಿಡಿ, ಹನಿ ಮೀಟರಿನ ಬಿಸಿಗೆ ಹೊಂದಿಕೊಳ್ಳಲಿ. ಕಿಟಕಿಯ ಬೆಳಕಿಗೆ ಹಿಡಿದು ನೀಲಿ ಮುಗಿದು ಬಿಳಿ ಶುರುವಾಗುವ ಗೆರೆ ನೋಡಿ, ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಆ ಗೆರೆಯನ್ನು 35ಕ್ಕೆ ತನ್ನಿ. ಒರೆಸಿ ಇನ್ನೊಂದು ಸಲ ಅದೇ ದ್ರಾವಣ ಹಾಕಿ ನೋಡಿ. ಆಮೇಲೆ ತಕ್ಷಣ, ಅದೇ ಜಾಗದಲ್ಲಿ ನಿಂತು, ತೊಟ್ಟಿಯ ನೀರು ಅಳೆಯಿರಿ. ಮುಚ್ಚಳ ತೆಗೆದಿಟ್ಟು ಫೋನ್ ಎತ್ತಲು ಹೋದರೆ ಹನಿ ಆರಿ ಓದು ಏರುತ್ತದೆ.

"ಇದರಲ್ಲಿ ಎಟಿಸಿ ಇದೆ, ಬಿಸಿ ಎಷ್ಟಿದ್ದರೂ ತಾನೇ ಸರಿ ಮಾಡಿಕೊಳ್ಳುತ್ತೆ" ಅಂತ ಮಾರುವವರು ಹೇಳುತ್ತಾರೆ. ಸಾಮಾನ್ಯವಾಗಿ ಅದು 10ರಿಂದ 30 ಡಿಗ್ರಿ ಒಳಗಿನ ಮಾತು. ಏಪ್ರಿಲ್ ಮಧ್ಯಾಹ್ನ ನಮ್ಮ ದಾವಣಗೆರೆಯ ತಾರಸಿ ಮನೆಯ ಕೋಣೆ 30ರಲ್ಲಿ ಇರುತ್ತಾ? ಬೆಳಿಗ್ಗೆ ಆರಕ್ಕೆ ಅಳೆಯಿರಿ.

ಇಷ್ಟಾದ ಮೇಲೂ 38 ಬಂದರೆ, 8 ಲೀಟರ್ ನೀರು ತೆಗೆದು 8 ಲೀಟರ್ ಆರ್‌ಓ ನೀರು ಹಾಕಿದರೆ 35ಕ್ಕೆ ಬರುತ್ತದೆ. ಒಂದೇ ಸಲ ಬೇಡ, ಸೀಗಡಿ ಇದೆಯಲ್ಲ, ಮೂರು ದಿನಕ್ಕೆ ಹಂಚಿ. 31 ಬಂದರೆ ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ ಸುಮಾರು 400 ಗ್ರಾಂ ಸಮುದ್ರದ ಉಪ್ಪು (ಪ್ಯಾಕೆಟ್ಟಿನದು, ಅಡುಗೆಯದಲ್ಲ) ಹಾಕಿ, ಅದೂ ದಿನಕ್ಕೆ ಒಂದು ಪಿಪಿಟಿಗಿಂತ ಜಾಸ್ತಿ ಏರದ ಹಾಗೆ. ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿಯೇ ಹಾಕಬೇಕು. ಇನ್ನೊಂದು, 100 ಲೀಟರ್ ತೊಟ್ಟಿಯಲ್ಲಿ ಮರಳು, ಕಲ್ಲು ಎಲ್ಲಾ ಕಳೆದರೆ ನೀರು 80–85 ಲೀಟರ್ ಇರುತ್ತದೆ, ಅಷ್ಟಕ್ಕೇ ಲೆಕ್ಕ ಹಾಕಿ.

ಪ್ರಶ್ನೆ: ನಮ್ಮದು ಹಾಲಿನ ಡೇರಿ. ಲ್ಯಾಕ್ಟೋಮೀಟರ್ ಇದೆ. ಮಗ ಮೀನಿನ ತೊಟ್ಟಿಗೆ ಹೈಡ್ರೋಮೀಟರ್ ಕೊಡಿಸು ಅಂತ ಹಟ ಹಿಡಿದಿದ್ದಾನೆ. ಎರಡೂ ತೇಲುವ ಗಾಜಿನ ಕೊಳವೆಯೇ ಅಲ್ವಾ, ಇದರಲ್ಲೇ ಆಗಲ್ವಾ?
— ಹರಿಹರ

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಆಗುತ್ತದೆ! ಲ್ಯಾಕ್ಟೋಮೀಟರಿನಲ್ಲಿ 28 ಅಂದರೆ 1.028. ಹಸುವಿನ ಹಾಲು 28–30ರ ಹತ್ತಿರ ನಿಲ್ಲುತ್ತದೆ, ಸಮುದ್ರದ ನೀರು 26ರ ಹತ್ತಿರ. ಅಂದರೆ ಸಮುದ್ರದ ನೀರು ಹಾಲಿಗಿಂತ ತುಸು ಹಗುರ. ಡೇರಿಯಲ್ಲಿ ಹುಟ್ಟಿದವರಿಗೆ ಇದು ಸಟಕ್ಕನೆ ಅರ್ಥವಾಗುತ್ತದೆ. ಬ್ಯಾಟರಿ ಅಂಗಡಿಯವರ ಹೈಡ್ರೋಮೀಟರ್ ಮಾತ್ರ ಬೇಡ, ಅದು 1.100ರಿಂದ ಮೇಲಿನ ಆಸಿಡ್‌ಗೆ ಮಾಡಿದ್ದು, ಸಮುದ್ರದ ನೀರಿಗೆ ಕದಲುವುದೂ ಇಲ್ಲ.

ಆದರೆ ಕೊಳವೆಯ ಮೇಲೆ ಯಾವ ಡಿಗ್ರಿಗೆ ಮಾಡಿದ್ದು ಅಂತ ಬರೆದಿರುತ್ತದೆ, ನೋಡಿ. ಕೆಲವು 15.5 ಡಿಗ್ರಿಗೆ, ಅಂದರೆ 60 ಫ್ಯಾರನ್‌ಹೀಟಿಗೆ ಮಾಡಿದವು. ಕೆಲವು 27ಕ್ಕೆ. ಬಿಸಿ ನೀರು ಹಗುರ, ಅದರಲ್ಲಿ ಕೊಳವೆ ಇನ್ನಷ್ಟು ಮುಳುಗುತ್ತದೆ, ಓದು ಕಡಿಮೆ ಬರುತ್ತದೆ. ನಿಮ್ಮದು 15.5ರದ್ದಾಗಿದ್ದು ತೊಟ್ಟಿ 27ರಲ್ಲಿದ್ದರೆ, ಸರಿಯಾಗಿರುವ ನೀರಿನಲ್ಲೂ 24ರ ಹತ್ತಿರ ನಿಲ್ಲುತ್ತದೆ. ಕಡಿಮೆಯಾಯಿತು ಅಂತ ಉಪ್ಪು ಸುರಿದರೆ ಕೆಟ್ಟಿತು. ಗಾಜಿನ ಹೈಡ್ರೋಮೀಟರ್ ದುಡ್ಡು ಕೊಟ್ಟು ತಂದವರಿಗೂ ಇದೇ ಮಾತು: 25 ಡಿಗ್ರಿಗೆ ಮಾಡಿದ್ದನ್ನು 30 ಡಿಗ್ರಿ ನೀರಿಗೆ ಇಳಿಬಿಟ್ಟರೆ ಎರಡು ಪಿಪಿಟಿ ಕಡಿಮೆ ಕಾಣುತ್ತದೆ.

ಸುಲಭದ ದಾರಿ ಹೇಳುತ್ತೇನೆ. 74 ಗ್ರಾಂ ಅಡುಗೆ ಉಪ್ಪು, 1926 ಗ್ರಾಂ ಆರ್‌ಓ ನೀರು ಸೇರಿಸಿ. ಮೇಲೆ ರಿಫ್ರ್ಯಾಕ್ಟೋಮೀಟರಿಗೆ 73 ಅಂದಿದ್ದೆ, ಇಲ್ಲಿ 74, ಅಚ್ಚಿನ ತಪ್ಪಲ್ಲ. ಬೆಳಕಿನ ಲೆಕ್ಕ ಬೇರೆ, ತೂಕದ ಲೆಕ್ಕ ಬೇರೆ. ಈ ನೀರನ್ನು ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ಎತ್ತರದ ಜಾಡಿಗೆ ಹಾಕಿ ಲ್ಯಾಕ್ಟೋಮೀಟರ್ ಇಳಿಬಿಡಿ. ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ 35, ಅಲ್ಲಿರುವ ಅಂಕಿ ಏನೇ ಇರಲಿ. ಹಾಲಿನಲ್ಲಿ ಒಳಗೆ ಕಾಣಲ್ಲ ಅಂತ ಮೇಲಂಚು ಓದುತ್ತೀರಿ, ನೀರಿನಲ್ಲಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ತಳದ ಗೆರೆ ಓದಿ. ಅಲ್ಲಿಂದ ಒಂದು ಗೀರು ಆಚೀಚೆಯಾದರೆ ಸುಮಾರು 1.3 ಪಿಪಿಟಿ ವ್ಯತ್ಯಾಸ. ಕ್ಲೌನ್ ಮೀನಿಗೆ ಈ ನಿಖರತೆ ಸಾಕು.

ಹಾಲು ಅಳೆಯಲು ಬೇರೆ, ತೊಟ್ಟಿಗೆ ಬೇರೆ ಇಟ್ಟುಕೊಳ್ಳಿ. ಗಿರಾಕಿಗಳು ನೋಡಿದರೆ ಏನೇನೋ ಮಾತಾಡುತ್ತಾರೆ.

ಪ್ರಶ್ನೆ: ಮೊಟ್ಟೆ ತೇಲುವವರೆಗೆ ಉಪ್ಪು ಹಾಕಿದರೆ ಸಮುದ್ರದ ನೀರು ಆಗುತ್ತೆ ಅಂತ ನಮ್ಮ ಮಾವ ಹೇಳ್ತಾರೆ. ಹೌದಾ?
— ಚನ್ನಗಿರಿ

ಉತ್ತರ: ನಿಮ್ಮ ಮಾವ ಭತ್ತ ಬೆಳೆಯುವವರಿರಬೇಕು. ಬಿತ್ತನೆ ಭತ್ತದಲ್ಲಿ ಜೊಳ್ಳು ತೆಗೆಯಲು ನಮ್ಮ ಭದ್ರಾ ಅಚ್ಚುಕಟ್ಟಿನ ರೈತರು ಬಲ್ಲ ಉಪಾಯ ಅದು: ನೀರಿಗೆ ಉಪ್ಪು ಹಾಕುತ್ತಾ ಹೋಗಿ, ಮೊಟ್ಟೆ ತೇಲಿದಾಗ ನಿಲ್ಲಿಸಿ, ಬೀಜ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಆ ಕೆಲಸಕ್ಕೆ ಬಹಳ ಒಳ್ಳೆಯದು.

ಮೀನಿಗೆ ಅಲ್ಲ. ತಾಜಾ ಮೊಟ್ಟೆ ನೀರಿಗಿಂತ ಸುಮಾರು 1.08 ಪಟ್ಟು ತೂಕ, ಸಮುದ್ರದ ನೀರು 1.026. ಸಮುದ್ರಕ್ಕೆ ತಾಜಾ ಮೊಟ್ಟೆ ಎಸೆದರೆ ಮುಳುಗೇ ಮುಳುಗುತ್ತದೆ. ಮೊಟ್ಟೆ ತೇಲಿತು ಅಂದರೆ ಉಪ್ಪು ಮೂರು ಪಟ್ಟಾಯಿತು ಅಂತ. ಹಳೇ ಮೊಟ್ಟೆಯಾದರೆ ಕೇಳಲೇಬೇಡಿ, ಅದು ಸೂಳೆಕೆರೆಯ ಸಿಹಿನೀರಿನಲ್ಲೂ ತೇಲುತ್ತದೆ.

ಪ್ರಶ್ನೆ: ಮನೆಯ ಆರ್‌ಓ ನೀರು ನೋಡಲು ತಂದ ಟಿಡಿಎಸ್ ಪೆನ್ನನ್ನು ತೊಟ್ಟಿಗೆ ಅದ್ದಿದೆ. ಬರೀ ಗೆರೆ ತೋರಿಸುತ್ತದೆ. ಪೆನ್ ಕೆಟ್ಟಿತಾ?
— ಚಿತ್ರದುರ್ಗ

ಉತ್ತರ: ಕೆಟ್ಟಿಲ್ಲ. ಆ ಪೆನ್ನುಗಳು ಸಾಮಾನ್ಯವಾಗಿ 9990 ಪಿಪಿಎಂವರೆಗೆ ಓದುತ್ತವೆ. ಒಂದು ಪಿಪಿಟಿ ಅಂದರೆ ಸಾವಿರ ಪಿಪಿಎಂ, ಹಾಗಾಗಿ ಸಮುದ್ರದ ನೀರು 35,000. ಆಟೋ ಮೀಟರಿನಲ್ಲಿ ರೈಲಿನ ದೂರ ಅಳೆದ ಹಾಗಾಯಿತು. ತೊಟ್ಟಿಗೆ ಬೇಕಾದ್ದು ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಕಂಡಕ್ಟಿವಿಟಿ ಮೀಟರ್, ಅದರಲ್ಲೂ 53 ಮಿಲಿಸೀಮೆನ್ಸ್ ದಾಟಿ ಓದುವಂಥದ್ದು, ಯಾಕೆಂದರೆ 25 ಡಿಗ್ರಿಯಲ್ಲಿ 35ರ ನೀರು ಅಷ್ಟು ತೋರಿಸುತ್ತದೆ. ಅದಕ್ಕೂ ಅದರದೇ ಸ್ಟ್ಯಾಂಡರ್ಡ್ ದ್ರಾವಣ ಬೇಕು, ಮೇಲೆ ಹೇಳಿದ ಅಡುಗೆ ಉಪ್ಪಿನ ದ್ರಾವಣ ಅದಕ್ಕೆ ನಡೆಯಲ್ಲ. ಅದ್ದಿದ ಮೇಲೆ ಸ್ವಲ್ಪ ಅಲ್ಲಾಡಿಸಿ, ತುದಿಯಲ್ಲಿ ಗುಳ್ಳೆ ಕೂತರೆ ಓದು ಕಡಿಮೆ ಬರುತ್ತದೆ. ಟಿಡಿಎಸ್ ಪೆನ್ನನ್ನು ಎಸೆಯಬೇಡಿ, ತೊಟ್ಟಿಗೆ ಹಾಕುವ ಆರ್‌ಓ ನೀರು ಚೆನ್ನಾಗಿದೆಯಾ ಅಂತ ನೋಡಲು ಅದೇ ಬೇಕು.

ಪ್ರಶ್ನೆ: ಜುಲೈನಲ್ಲಿ ಹೊನ್ನಾವರಕ್ಕೆ ಹೋದಾಗ ಐದು ಕ್ಯಾನ್ ಸಮುದ್ರದ ನೀರು ತಂದೆ. ಅಳೆದರೆ 22! ಮೀಟರ್ ಸರಿ ಇದೆ, ದ್ರಾವಣ ಹಾಕಿ ನೋಡಿದ್ದೇನೆ. ಸಮುದ್ರದ ನೀರೇ ತಪ್ಪಾ?
— ಹಿರಿಯೂರು

ಉತ್ತರ: ಮೀಟರೂ ಸರಿ, ಸಮುದ್ರವೂ ಸರಿ. ನೀವು ತಂದದ್ದರಲ್ಲಿ ಶರಾವತಿ ಎಷ್ಟು ಪಾಲು ಅನ್ನೋದೇ ಪ್ರಶ್ನೆ. ಹೊನ್ನಾವರದಲ್ಲೇ ಆ ನದಿ ಸಮುದ್ರ ಸೇರೋದು, ಮಳೆಗಾಲದಲ್ಲಿ ಸಿಹಿನೀರು ದಡದುದ್ದಕ್ಕೂ ಮೇಲೆ ಮೇಲೆ ಹರಡುತ್ತದೆ. ಒಳಗೆ ದೂರದ ಅರಬ್ಬಿ ಸಮುದ್ರದಲ್ಲಿ 35–36 ಇದ್ದೇ ಇರುತ್ತದೆ. ಆ ನೀರಿಗೆ ಉಪ್ಪು ಸೇರಿಸಿ ಸರಿ ಮಾಡಬಹುದು ಅನ್ನಿಸುತ್ತದೆ, ಆದರೆ ಮಳೆಗಾಲದ ನದಿ ಹೊಲ, ಊರು ಎಲ್ಲಾ ತೊಳೆದುಕೊಂಡು ಬಂದಿರುತ್ತದೆ. ನನ್ನನ್ನು ಕೇಳಿದರೆ ಚೆಲ್ಲಿಬಿಡಿ. ಕ್ಯಾನ್ ಯಾವುದು ಅಂತಲೂ ನೋಡಿ. ಹೊಲಕ್ಕೆ ಔಷಧಿ ಹೊಡೆದ ಕ್ಯಾನ್ ಎಷ್ಟು ತೊಳೆದರೂ ಬೇಡ.

ಪ್ರಶ್ನೆ: ಏಪ್ರಿಲ್‌ನಿಂದ ಪ್ರತಿ ಮೂರು ದಿನಕ್ಕೆ ಉಪ್ಪು 38 ಆಗುತ್ತದೆ. ನೀರು ಇಳಿದಷ್ಟು ಉಪ್ಪು ನೀರನ್ನೇ ತುಂಬುತ್ತೇನೆ, ಆದರೂ ಏರುತ್ತಲೇ ಇದೆ.
— ವಿದ್ಯಾನಗರ, ದಾವಣಗೆರೆ

ಉತ್ತರ: ಆದರೂ ಅಲ್ಲ, ಅದರಿಂದಲೇ. ಆವಿಯಾಗಿ ಹೋಗೋದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 100 ಲೀಟರಿನಲ್ಲಿ ದಿನಕ್ಕೆ 3 ಲೀಟರ್ ಹಾರಿದರೆ ಮೂರು ದಿನಕ್ಕೆ 35 ಹೋಗಿ 38.5 ಆಗುತ್ತದೆ, ನಿಮ್ಮ ಅಂಕಿಗೆ ಹೆಚ್ಚುಕಮ್ಮಿ ತಾಳೆಯಾಯಿತು ನೋಡಿ. ಅದರ ಮೇಲೆ ನೀವು ಮತ್ತೆ ಉಪ್ಪು ನೀರು ಹಾಕುತ್ತಿದ್ದೀರಿ. ಸಾರು ಕುದ್ದು ಇಂಗಿದಾಗ ಉಪ್ಪು ಸಾರು ಹಾಕುತ್ತೀರಾ, ಬಿಸಿನೀರು ಹಾಕುತ್ತೀರಾ?

ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ದಿನಾ ಬೆಳಿಗ್ಗೆ ಆ ಗೆರೆವರೆಗೆ ಆರ್‌ಓ ನೀರು ತುಂಬಿ. ಬೋರ್ ನೀರು ಬೇಡ, ಅದರಲ್ಲಿ ಕರಗಿರುವ ಸುಣ್ಣ, ಫ್ಲೋರೈಡ್ ಎಲ್ಲಾ ಉಪ್ಪಿನ ಹಾಗೇ ಒಳಗೆ ಸೇರುತ್ತಾ ಹೋಗುತ್ತದೆ. ಅಳೆಯುವುದಿದ್ದರೆ ತುಂಬಿದ ಮೇಲೆ, ಪಂಪ್ ಅರ್ಧ ಗಂಟೆ ಓಡಿದ ಮೇಲೆ ಅಳೆಯಿರಿ.

ಪ್ರಶ್ನೆ: ಸಮುದ್ರಕುದುರೆಗೆ ಎಷ್ಟು ಉಪ್ಪು ಬೇಕು? ಹವಳ ಎಲ್ಲಿ ಸಿಗುತ್ತದೆ?
— ಚಳ್ಳಕೆರೆ

ಉತ್ತರ: ಎರಡನ್ನೂ ಕೈಬಿಡಿ. ಸಮುದ್ರಕುದುರೆ ಮತ್ತು ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ಮಾರುತ್ತೇವೆ ಅಂದರೂ ಹತ್ತಿರ ಹೋಗಬೇಡಿ.

ಪ್ರಶ್ನೆ: ಸಮುದ್ರದ ಉಪ್ಪಿನ ಪ್ಯಾಕೆಟ್ ದುಬಾರಿ. ಕಲ್ಲುಪ್ಪು ಹಾಕಿ 35ಕ್ಕೆ ತಂದೆ, ಮೀಟರಿನಲ್ಲಿ ಸರಿಯಾಗಿಯೇ ಇದೆ. ಮೀನು ಬಿಡಬಹುದಾ?
— ಚಿತ್ರದುರ್ಗ

ಉತ್ತರ: ಬಿಡಬೇಡಿ. ಮೀಟರಿಗೆ ಕಣ್ಣಿಲ್ಲ. ಯಾವ ಉಪ್ಪು ಅಂತ ಅದಕ್ಕೆ ಗೊತ್ತಾಗಲ್ಲ, ಎಷ್ಟು ಅಂತ ಮಾತ್ರ ಹೇಳುತ್ತದೆ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ನೂರಕ್ಕೆ 85ರಷ್ಟು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಲೀಟರಿಗೆ ಮೆಗ್ನೀಸಿಯಂ ಒಂದೇ 1300 ಮಿಲಿಗ್ರಾಂ ಹತ್ತಿರ. ಕಲ್ಲುಪ್ಪು ಸಮುದ್ರದಿಂದಲೇ ಬರುವುದು ನಿಜ, ಆದರೆ ಉಪ್ಪಿನ ಗದ್ದೆಯಲ್ಲಿ ಕ್ಯಾಲ್ಸಿಯಂ ಮೊದಲೇ ಕೆಳಗೆ ಕೂತಿರುತ್ತದೆ, ಮೆಗ್ನೀಸಿಯಂ ಕೊನೆಯ ಕಹಿ ನೀರಿನ ಜೊತೆ ಹೋಗಿಬಿಡುತ್ತದೆ.

ಒಂದೇ ಅಂಕಿಯನ್ನು ನಾವು ಇಷ್ಟು ನೆಚ್ಚಿಕೊಳ್ಳಲು ಹಳೇ ಕಥೆ ಒಂದಿದೆ. 1872ರಿಂದ 1876ರವರೆಗೆ ಚಾಲೆಂಜರ್ ಅನ್ನುವ ಬ್ರಿಟಿಷ್ ಹಡಗು ಲೋಕದ ಸಮುದ್ರಗಳನ್ನೆಲ್ಲ ಸುತ್ತಿ ನೀರು ತುಂಬಿಕೊಂಡು ಬಂತು. ಅದರಲ್ಲಿ 77 ಬಾಟಲಿಗಳನ್ನು ಡಿಟ್ಮಾರ್ ಅನ್ನುವ ರಸಾಯನಶಾಸ್ತ್ರಜ್ಞ ಪರೀಕ್ಷೆ ಮಾಡಿ 1884ರಲ್ಲಿ ಪ್ರಕಟಿಸಿದರು. ಉಪ್ಪು ಒಟ್ಟು ಜಾಸ್ತಿ ಕಡಿಮೆ ಇರಬಹುದು, ಒಳಗಿನ ಮುಖ್ಯ ಲವಣಗಳ ಪಾಲು ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಅಂತ. ಅದು ಸಮುದ್ರದ ಮಟ್ಟಿಗೆ ಸರಿ. ನಿಮ್ಮ ಬಕೆಟ್ಟಿಗೆ ಆ ನಿಯಮ ಅನ್ವಯಿಸೋದಿಲ್ಲ.

ಪ್ಯಾಕೆಟ್ ಉಪ್ಪೇ ತನ್ನಿ. ಬಾಯಿ ಬಿಗಿಯಾಗಿ ಕಟ್ಟಿಡಿ, ಗಾಳಿಯ ತೇವ ಹೀರಿದರೆ ತೂಕದ ಲೆಕ್ಕ ತಪ್ಪುತ್ತದೆ. ಲೀಟರಿಗೆ 36–38 ಗ್ರಾಂನಿಂದ ಶುರು ಮಾಡಿ, ನೀರಿಗೆ ಉಪ್ಪು ಹಾಕಿ, ಪಂಪ್ ಬಿಟ್ಟು ಒಂದು ದಿನ ತಿರುಗಲಿ. ಮೊದಲ ಗಂಟೆಯಲ್ಲಿ ಅಳೆದ ಅಂಕಿಯನ್ನು ಬರೆದಿಡುವುದೂ ಬೇಡ, ಇನ್ನೂ ತಳದಲ್ಲಿ ಉಪ್ಪು ಕೂತಿರುತ್ತದೆ. ಕಲ್ಲುಪ್ಪು ಉಪ್ಪಿನಕಾಯಿಗೆ ಇರಲಿ.